ನಲವತ್ತಮೂರರ ಗೆರೆ

ಪೆನ್ನು ಎದ್ದಿತು, ಎದ್ದದ್ದು ಸರಿ, ಎದ್ದ ಜಾಗ ಸರಿಯಿಲ್ಲ, ಎದುರುಮನೆಯವರು ಪಕ್ಕದ ಮನೆಯ ಬಾಗಿಲಿನಿಂದ ಹಲ್ಲುಜ್ಜುತ್ತಾ ಹೊರಬಂದ ಹಾಗೆ, ಮನುಷ್ಯ ಅವನೇ, ಬಾಗಿಲು ಬೇರೆ, ಅವಳ ಬೆರಳು ಇನ್ನೂ ತಿರುಗುಗುಂಡಿಯ ಮೇಲೆಯೇ ಇದೆ, ಕಾಗದದ ಸುರುಳಿ ಯಾರ ಗೊಡವೆಯೂ ಇಲ್ಲದೆ ಉರುಳುತ್ತಿದೆ, ನೀಲಿ ಗೆರೆ ನೆಟ್ಟಗೆ ಏರಿ, ತುದಿಯಲ್ಲೊಂದು ಕ್ಷಣ ಯೋಚಿಸಿ, ನೆಟ್ಟಗೆ ಇಳಿದುಬಿಟ್ಟಿತು, ಗುಂಡಿಯ ಅಂಕಿಯನ್ನು ಗೋಡೆಗೆ ಅಂಟಿಸಿದ ತೂಕದ ಪಟ್ಟಿಯೊಂದಿಗೆ ಹೋಲಿಸಿದರೆ ನಲವತ್ತಮೂರು, ಮತ್ತೊಮ್ಮೆ ಹೋಲಿಸಿದರೂ ನಲವತ್ತಮೂರು, ಕನ್ನಡಕ ಒರೆಸಿಕೊಂಡು ಹೋಲಿಸಿದರೂ ನಲವತ್ತಮೂರೇ — ಒಳಗೆ ಬಿಟ್ಟಿರುವುದು ಮಾತ್ರ ಶುದ್ಧ ಇಂಗಾಲದ ಡೈಆಕ್ಸೈಡ್, ಸೀಲು ಒಡೆದು ಕೈಯಾರೆ ಬಿಟ್ಟದ್ದು, ಅದರ ತೂಕ ನಲವತ್ತನಾಲ್ಕು, ಅವಳು ಹುಟ್ಟುವ ಮೊದಲೂ ನಲವತ್ತನಾಲ್ಕು, ಅವಳು ನಿವೃತ್ತಳಾದ ಮೇಲೂ ನಲವತ್ತನಾಲ್ಕು, ಸಾಹೇಬರ ಆದೇಶದಿಂದ ಬದಲಾಗುವಂಥದ್ದಲ್ಲ. ವರ್ಷಕ್ಕೊಮ್ಮೆಯ ಕೆಲಸ ಇದು, ನಿದ್ದೆಯಲ್ಲೂ ಮಾಡುವಂಥದ್ದು, ಗೊತ್ತಿರುವ ಅನಿಲವನ್ನು ಒಳಗೆ ಬಿಡುವುದು, ಯಂತ್ರ ಅದರ ಕಣಗಳಿಗೆ ವಿದ್ಯುತ್ತಿನ ಏಟು ಕೊಟ್ಟು ಓಡಿಸುತ್ತದೆ, ಕೋಣೆಯ ಅರ್ಧ ನುಂಗಿರುವ ಅಯಸ್ಕಾಂತ ಅವುಗಳ ದಾರಿಯನ್ನು ಬಗ್ಗಿಸುತ್ತದೆ, ಹಗುರವಾದವು ಬೇಗ ಬಗ್ಗುತ್ತವೆ, ಭಾರದವು ತಡವಾಗಿ, ಕಚೇರಿಯಲ್ಲೂ ಹಾಗೆಯೇ, ಗುಂಡಿ ತಿರುಗಿಸಿ ಅಯಸ್ಕಾಂತದ ಬಲ ಏರಿಸುತ್ತಾ ಹೋದಂತೆ ಒಂದೊಂದು ತೂಕದವೂ ಸರದಿಯ ಪ್ರಕಾರ ಕೊನೆಯ ಸೀಳಿಗೆ ಬಂದು ಬೀಳುತ್ತವೆ, ಬಿದ್ದಾಗ ಪೆನ್ನು ಏಳುತ್ತದೆ, ಎಲ್ಲಿ ಎದ್ದಿತೆಂದು ಬರೆದಿಟ್ಟುಕೊಂಡರೆ ಅದೇ ಪಟ್ಟಿ, ನಾಳೆ ಗುರುತಿಲ್ಲದ ಅನಿಲವೊಂದು ಬಂದು ನಿಂತಾಗ ನೀನು ಯಾರಪ್ಪಾ ಎಂದು ಕೇಳುವುದು ಆ ಪಟ್ಟಿಯ ಧೈರ್ಯದಿಂದಲೇ. ಬೆಳಿಗ್ಗೆಯಿಂದ ಎಲ್ಲ ಸರಿಯಾಗಿಯೇ ಇತ್ತು, ಹೀಲಿಯಂ ನಾಲ್ಕರಲ್ಲಿ, ನೀರಾವಿ ಹದಿನೆಂಟರಲ್ಲಿ, ಎಷ್ಟು ಪಂಪು ಹಾಕಿ ಓಡಿಸಿದರೂ ಹೊರಡದ ನೆಂಟ ಅದು, ಸಾರಜನಕ ಇಪ್ಪತ್ತೆಂಟರಲ್ಲಿ, ಆಮ್ಲಜನಕ ಮೂವತ್ತೆರಡರಲ್ಲಿ, ಆಮೇಲೆ ಬಾಗಿಲು ಸರಿಸಿ ಅಟೆಂಡರ್ ತಲೆ ಹಾಕಿದ, ಮೇಡಂ ಹನ್ನೊಂದಕ್ಕೆ ವಿಚಾರಣೆ, ನಿಮ್ಮ ರಿಪೋರ್ಟು ತಗೊಂಡು ಬರ್ಬೇಕಂತೆ, ಸಾಹೇಬ್ರು ಎರಡು ಸಲ ಹೇಳಿದ್ರು, ಗೊತ್ತಪ್ಪಾ ಗೊತ್ತು, ಎರಡು ತಿಂಗಳಿಂದ ಗೊತ್ತು, ಎಂದು ತಿರುಗಿ ಹೇಳುವಷ್ಟರಲ್ಲಿ ಕೈ ತನ್ನ ಪಾಡಿಗೆ, ಪೆನ್ನಿಗೆ ಏಳುವಷ್ಟೂ ಪುರುಸೊತ್ತು ಕೊಡದೆ, ಗುಂಡಿಯನ್ನು ನಲವತ್ತಾರರ ತನಕ ಒಯ್ದಿತ್ತು, ಬಾಗಿಲ ಕಡೆ ನೋಡುತ್ತಲೇ ಅದನ್ನು ತುಸು ಹಿಂದಕ್ಕೆ ತಿರುಗಿಸಿದಳು, ಅಷ್ಟೇ, ಅಂಗಡಿ ದಾಟಿ ಬಂದವರು ನಾಲ್ಕು ಹೆಜ್ಜೆ ಹಿಂದೆ ಹೋಗುವ ಹಾಗೆ — ಪೆನ್ನು ಎದ್ದಿತು, ನಲವತ್ತಮೂರರಲ್ಲಿ.

ಹಿಂದಕ್ಕೆ ತಿರುಗಿಸಿದೆಯಲ್ಲಮ್ಮಾ, ಎಂದರು ತಲೆಯೊಳಗಿನ ಮೇಷ್ಟ್ರು, ಈ ಯಂತ್ರವನ್ನು ಪೆಟ್ಟಿಗೆಯಿಂದ ಬಿಚ್ಚಿ ಜೋಡಿಸಿದವರು, ಅವಳಿಗೆ ಕೈಹಿಡಿದು ಕೆಲಸ ಕಲಿಸಿದವರು, ಸತ್ತು ಒಂಬತ್ತು ವರ್ಷವಾದರೂ ತಲೆಯೊಳಗೆ ದಿನಾ ಸರಿಯಾದ ಸಮಯಕ್ಕೆ ಹಾಜರು, ಬದುಕಿದ್ದಾಗ ಇಷ್ಟು ಸಮಯಕ್ಕೆ ಬಂದವರಲ್ಲ, ನೋಡಮ್ಮಾ, ಕಬ್ಬಿಣ ಅಂದ್ರೆ ಮುನಿಸಿಕೊಂಡ ಅತ್ತೆ ಇದ್ದ ಹಾಗೆ, ಮೇಲಕ್ಕೆ ಹೋಗಿ ಬಂದದ್ದನ್ನ ಮರೆಯೋದಿಲ್ಲ, ಕರೆಂಟು ಇಳಿಸಿದ್ರೂ ಅದರ ಎಳೆತ ಅಷ್ಟೇ ಇಳಿಯೋಲ್ಲ, ಒಂಚೂರು ಮನಸ್ಸಲ್ಲಿ ಇಟ್ಕೊಂಡಿರುತ್ತೆ, ಹಾಗಾಗಿ ಏರುವಾಗ ಎಲ್ಲಿ ಸಿಕ್ಕಿತ್ತೋ ಇಳಿಯುವಾಗ ಅಲ್ಲಿ ಸಿಗೋಲ್ಲ, ಪಕ್ಕದ ಮನೇಲಿ ಕೂತಿರುತ್ತೆ, ದಾಟಿದ್ಯಾ, ಸೊನ್ನೆಗೆ ಹೋಗು, ಹತ್ತು ನಿಮಿಷ ಸುಮ್ನೆ ಕೂತ್ಕೋ, ಮತ್ತೆ ಕೆಳಗಿಂದ ಹತ್ತು, ಬೇರೆ ದಾರಿ ಇಲ್ಲ. ಇಪ್ಪತ್ತಾರು ವರ್ಷ ಇದನ್ನು ಎಷ್ಟು ಜನಕ್ಕೆ ಹೇಳಿದ್ದಾಳೆ, ಗದರಿದ್ದಾಳೆ, ಒಬ್ಬ ಹುಡುಗಿಯಂತೂ ಅತ್ತುಬಿಟ್ಟಿದ್ದಳು, ಅವರೆಲ್ಲ ಬಟನ್ ಒತ್ತಿದರೆ ಉತ್ತರ ಬರುವ ಹೊಸ ಯಂತ್ರಗಳಿರುವ ಕಡೆ ಹೋದರು, ಈಗ ಈ ಕಟ್ಟಡದಲ್ಲಿ ಈ ನಿಯಮ ಗೊತ್ತಿರುವ ಪ್ರಾಣಿ ಅವಳೊಬ್ಬಳೇ. ಕರೆಂಟು ಸೊನ್ನೆಗೆ ಇಳಿಸಿದಳು, ಗಡಿಯಾರ ಒಂಬತ್ತು ಮೂವತ್ತೈದು, ಕೂತಳು, ಪಂಪಿನ ಗುಂಯ್ ಸದ್ದು, ಒಂಬತ್ತು ನಲವತ್ತೈದು, ಕೆಳಗಿನಿಂದ ಹತ್ತಿಸಿದಳು, ನಲವತ್ತೊಂದು, ನಲವತ್ತೆರಡು, ನಲವತ್ತಮೂರು ಖಾಲಿ, ನಲವತ್ತನಾಲ್ಕರಲ್ಲಿ ಪೆನ್ನು ಎದ್ದಿತು, ಸಾಧುಪ್ರಾಣಿಯ ಹಾಗೆ, ಹಾಗಾದರೆ ಬೇಕೆಂದೇ ದಾಟಿಸಿ ನೋಡೋಣ, ನಲವತ್ತಾರು, ಈಗ ಹಿಂದಕ್ಕೆ, ನಲವತ್ತೈದು, ನಲವತ್ತನಾಲ್ಕು ಖಾಲಿ, ನಲವತ್ತಮೂರರಲ್ಲಿ ಎದ್ದಿತು. ಯಂತ್ರ ಕೆಟ್ಟಿಲ್ಲ. ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಕೆಟ್ಟ ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿ ಮನೆಗೆ ಹೋಗಬಹುದು, ಆದರೆ ನಲವತ್ತಮೂರು ಎಂಬ ಅಂಕಿ ಅವಳ ಕೈಬರಹದಲ್ಲಿ, ಅವಳ ಸಹಿಯ ಮೇಲೆ, ಮೂರನೇ ಮಹಡಿಯ ಕಡತವೊಂದರಲ್ಲಿ ಕೂತಿದೆ, ನಲವತ್ತಮೂರು ಎಂದರೆ ಎಣ್ಣೆಯ ಆವಿ, ಎಣ್ಣೆಯ ಆವಿ ಎಂದರೆ ಫಿಲ್ಟರ್ ಬದಲಾಯಿಸಿಲ್ಲ, ಬದಲಾಯಿಸಿಲ್ಲ ಎಂದರೆ ಭಾವ.

ಆ ಮಂಗಳವಾರ — ಬೇಡ, ಆ ಮಂಗಳವಾರ ಅವಳು ಹಿಂದಕ್ಕೆ ತಿರುಗಿಸಲಿಲ್ಲ, ತಿರುಗಿಸುವವಳಲ್ಲ ಅವಳು, ನಿಧಾನವಾಗಿ ನೆನೆಸಿಕೋ, ಸೋಮವಾರ ಆಳದ ನೀರಿನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಮುಳುಗುಗಾರರು ತಲೆ ಸಿಡಿಯುತ್ತಿದೆ ಎಂದು ಮೇಲೆ ಬಂದರು, ಒಬ್ಬ ವಾಂತಿ ಮಾಡಿಕೊಂಡ, ಇಬ್ಬರೂ ಬದುಕಿದರು, ಅವರ ಸಿಲಿಂಡರು ಮಂಗಳವಾರ ಅವಳ ಮೇಜಿಗೆ ಬಂತು, ಅವರು ಉಸಿರಾಡುವ ಹೀಲಿಯಂ ಸುಲಭವಾಗಿ ಸಿಗುವ ಸರಕಲ್ಲ, ಆದ್ದರಿಂದ ಅವರು ಬಿಟ್ಟ ಉಸಿರನ್ನೇ ಹಿಡಿದು, ಅದರ ಇಂಗಾಲದ ಡೈಆಕ್ಸೈಡನ್ನು ಬಿಳಿ ಪುಡಿಯ ಡಬ್ಬಿಯಲ್ಲಿ ಹೀರಿಸಿ, ಕಂಪ್ರೆಸರಿನಲ್ಲಿ ಒತ್ತಿ, ಎಣ್ಣೆಯ ಆವಿಯನ್ನು ಫಿಲ್ಟರಿನಲ್ಲಿ ಸೋಸಿ, ಮತ್ತೆ ತುಂಬಿ ಕಳಿಸುವುದು ಹಿಂಭಾಗದ ಶೆಡ್ಡಿನ ಕೆಲಸ, ಶೆಡ್ಡಿನ ಹಿರಿಯ ಮೆಕ್ಯಾನಿಕ್ ಅವಳ ಭಾವ, ಅಕ್ಕನ ಗಂಡ, ಈ ಸಂಸ್ಥೆಗೆ ಅವಳಿಗಿಂತ ಹತ್ತು ವರ್ಷ ಹಿರಿಯ. ಸಿಲಿಂಡರಿನ ಅನಿಲ ಒಳಗೆ ಬಿಟ್ಟಳು, ಮೋಟಾರು ಗುಂಡಿಯನ್ನು ನಿಧಾನವಾಗಿ ಏರಿಸುತ್ತಿತ್ತು, ಅಷ್ಟರಲ್ಲಿ ಫೋನು, ಅಕ್ಕ, ಲೇ, ನಿಮ್ಮ ಭಾವ ಶನಿವಾರ ಅಂಗಿ ತುಂಬಾ ಕಪ್ಪೆಣ್ಣೆ ಬಳ್ಕೊಂಡು ಬಂದಿದಾರೆ ಕಣೇ, ಮೂರು ದಿನದಿಂದ ಉಜ್ಜಿ ಉಜ್ಜಿ ಕೈ ಬಿತ್ತು, ನೀನು ರಸಾಯನದವಳಲ್ವಾ, ಏನು ಹಾಕಿದ್ರೆ ಹೋಗುತ್ತೆ ಹೇಳು, ಅಕ್ಕಾ ನಾನು ರಸಾಯನ ಓದಿದ್ದು ಅಂಗಿ ಒಗಿಯೋದಕ್ಕಲ್ಲ, ಓಹೋ ದೊಡ್ಡವಳಾಗಿಬಿಟ್ಟೆ, ಆಗ ನಿನ್ನ ಲಂಗ ಒಗೀತಿದ್ದವಳು ನಾನೇ, ಹೀಗೆ ಆರು ನಿಮಿಷ, ತಿರುಗಿ ಬಂದು ನೋಡಿದರೆ ನಲವತ್ತರ ಹತ್ತಿರ ಪೆನ್ನಿನ ಶಾಯಿ ಮುಗಿದು ಬರೀ ಗೀರು, ಬಣ್ಣವಿಲ್ಲದ ಗೀರು, ಗುಂಡಿ ಐವತ್ತರಲ್ಲಿ ನಿಂತಿದೆ. ಗಡಿಯಾರ ಐದು ಹತ್ತು. ಐದೂವರೆಗೆ ಬಸ್ಸು. ಸೊನ್ನೆಗೆ ಹೋಗಿ, ಕೂತು, ಮತ್ತೆ ಹತ್ತಿಸಿದರೆ ಆರು. ಶಾಯಿ ತುಂಬಿದಳು, ಮತ್ತೆ — ಹೌದು — ಕೈಯಲ್ಲೇ ಗುಂಡಿ ಹಿಡಿದು ಐವತ್ತರಿಂದ ಕೆಳಗೆ, ಹತ್ತೇ ಅಂಕಿ, ಬಿಟ್ಟುಹೋದ ತುಂಡು ಮಾತ್ರ, ಇಷ್ಟಕ್ಕೆ ಏನಾಗುತ್ತದೆ, ಅಷ್ಟು ಹೊತ್ತಿಗೆ ಅವಳ ಕಾಲು ಬಸ್ಸಿನ ಮೆಟ್ಟಿಲಿನ ಮೇಲಿತ್ತು. ನಲವತ್ತಮೂರರಲ್ಲಿ ಪೆನ್ನು ಎದ್ದಿತು, ಎತ್ತರದ ಪೀಕು. ನಲವತ್ತನಾಲ್ಕು ಖಾಲಿ, ಖಾಲಿ ಇರುವುದು ಸಹಜವೇ, ಅದನ್ನು ಬಿಳಿ ಪುಡಿ ಹೀರಿರುತ್ತದಲ್ಲ, ಎಷ್ಟು ಚಂದವಾಗಿ ಕೂಡಿ ಬಂದಿತ್ತು, ತಪ್ಪುಗಳು ಕೂಡಿ ಬರುವಷ್ಟು ಚಂದವಾಗಿ ಸರಿಗಳು ಎಂದೂ ಕೂಡಿ ಬರುವುದಿಲ್ಲ, ಎಣ್ಣೆ ಒಂಟಿಯಾಗಿ ಬರುವುದಿಲ್ಲ, ಐವತ್ತೇಳರಲ್ಲಿ ಅದರ ಎರಡನೇ ಪೀಕು, ಅದರ ತಮ್ಮನೂ, ಇರಬೇಕು ಎಂದು ಯಾರಿಗೆ ಗೊತ್ತಿಲ್ಲ, ಅವಳಿಗೇ ಗೊತ್ತು, ನೋಡಲಿಲ್ಲ, ಬಸ್ಸು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು, ಅದೂ ನೆನಪಿದೆ. ಮರುದಿನ ಸಾಹೇಬರು ವರದಿ ಓದಿ, ಇವರು ನಿಮ್ಮ ಸಂಬಂಧಿಕರು ಅಲ್ವಾ ಎಂದರು, ಹೌದು ಸಾರ್ ಅಕ್ಕನ ಗಂಡ, ಆದರೂ ಬರೆದಿದ್ದೀರಿ, ಯಂತ್ರ ಹೇಳಿದ್ದನ್ನ ಬರೆದಿದ್ದೀನಿ ಸಾರ್, ಆ ಒಂದು ವಾಕ್ಯ ಕ್ಯಾಂಟೀನಿಗೆ ಅವಳಿಗಿಂತ ಮೊದಲು ಹೋಗಿತ್ತು, ಸ್ವಂತ ಭಾವನ್ನೇ ಬಿಡ್ಲಿಲ್ಲ ನೋಡಿ ಈ ತಕ್ಕಡಿ ಮೇಡಂ, ತಕ್ಕಡಿ ಎಂಬ ಅಡ್ಡಹೆಸರು ಹಿಂದಿನಿಂದ ಇದ್ದದ್ದೇ, ಅದಕ್ಕೆ ಅಂದಿನಿಂದ ಹೊಳಪು ಬಂತು, ಅವಳು ತಲೆ ತಗ್ಗಿಸಿ ಕಾಫಿ ಕುಡಿದಳು, ತಲೆ ತಗ್ಗಿಸಿದ್ದು ನಗು ಕಾಣಬಾರದೆಂದು, ಹೌದು, ಖುಷಿಯಾಗಿತ್ತು, ಯಾರಿಗೂ ಹೇಳಬೇಡ, ಬಹಳ ಖುಷಿಯಾಗಿತ್ತು. ಶೆಡ್ಡು ಮುಚ್ಚಿದರು, ಭಾವನನ್ನು ಮನೆಯಲ್ಲಿ ಕೂರಿಸಿದರು, ರಿಜಿಸ್ಟರ್ ತೆಗೆದು ನೋಡಿದರೆ ಫಿಲ್ಟರ್ ಬದಲಾಯಿಸಿದ ನಮೂದಿಲ್ಲ, ಬರೆಯುವುದು ಭಾವನ ಜಾಯಮಾನವಲ್ಲ, ಕೈ ತೊಳೆದುಕೊಂಡು ಬರೀತೀನಿ ಎನ್ನುವುದು, ತೊಳೆದ ಕೈಯಲ್ಲಿ ಟೀ ಹಿಡಿಯುವುದು, ಕಂಪ್ರೆಸರಿನಲ್ಲಿದ್ದ ಫಿಲ್ಟರ್ ನೋಡಿದರೆ ಕಪ್ಪು, ಎರಡು ದಿನ ಓಡಿದರೆ ಹೊಸದೂ ಹಳೆಯದೂ ಒಂದೇ ಬಣ್ಣ. ಶನಿವಾರ ಬದಲಾಯಿಸಿದೀನಿ ಸಾರ್, ನನ್ನ ಕೈಯಾರೆ, ಎಂದರಂತೆ ಭಾವ ಮೊದಲ ದಿನ, ಗಟ್ಟಿ ದನಿಯಲ್ಲಿ, ಯಂತ್ರ ಹಾಗೆ ಹೇಳ್ತಿಲ್ಲವಲ್ಲ ಎಂದರಂತೆ ಸಾಹೇಬರು, ಪರೀಕ್ಷೆ ಮಾಡಿದ್ದು ಯಾರು ಸಾರ್, ನಿಮ್ಮ ನಾದಿನಿಯೇ, ಆಗ ಭಾವ ದನಿ ಇಳಿಸಿ, ಅವಳು ಮಾಡಿದ್ರೆ ಸರಿಯಾಗೇ ಇರುತ್ತೆ ಸಾರ್, ಎಂದರಂತೆ. ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು, ಮನೆಗೆ ಬಂದು ಬೈದಿದ್ದರೆ, ಅಕ್ಕ ಮಾತು ಬಿಟ್ಟಿದ್ದರೆ, ಏನೂ ಆಗಲಿಲ್ಲ, ಅದರ ಬದಲು ಭಾವ ತಮ್ಮ ತಲೆಯನ್ನೇ ಅನುಮಾನಿಸಲು ಶುರುಮಾಡಿದರು. ನಂಗೆ ನೆನಪಿದೆ ಕಣೇ, ಎಂದಿದ್ದರು ಅಕ್ಕನಿಗೆ, ಸ್ಪ್ಯಾನರ್ ಜಾರಿ ಬೆರಳು ತರಚಿದ್ದೂ ನೆನಪಿದೆ, ಆದ್ರೆ ಅದು ಹೋದ ಸಲದ್ದೋ ಏನೋ, ಇಲ್ಲದ್ದು ನೆನಪಿಗೆ ಬರ್ತಿದೆ ಅಂದ್ರೆ ಇನ್ನು ಮುಂದೆ ಏನೇನು ಬರುತ್ತೋ, ಅವರ ಅಮ್ಮ ಕೊನೆಗೆ ಮಗನನ್ನೇ ಯಾರಪ್ಪಾ ನೀನು ಎಂದವರು, ಆ ಭಯ ಮನೆಯ ಮೂಲೆಯಲ್ಲೇ ಮಡಚಿಟ್ಟಿತ್ತು, ಇವಳ ಒಂದು ಅಂಕಿ ಅದನ್ನು ಬಿಡಿಸಿ ಹರಡಿತು. ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ಕಣ್ಣಾರೆ ನೋಡಿದಳು, ಭಾವ ಒಲೆ ಆರಿಸಿ ಕೋಣೆಗೆ ಹೋದರು, ತಿರುಗಿ ಬಂದು ಆರಿಸಿದ ಒಲೆಯ ಗುಂಡಿ ಮುಟ್ಟಿ ನೋಡಿದರು, ಹೋದರು, ಬಂದರು, ಬಾಗಿ ಕಿವಿಗೊಟ್ಟು ಕೇಳಿದರು, ನಾಲ್ಕನೇ ಸಲ ಬಂದಾಗ ಇವಳನ್ನು ಕಂಡು ನಾಚಿಕೊಂಡು ನಕ್ಕರು, ಅಂಗೈಯಲ್ಲಿ ಪೆನ್ನಿನಿಂದ ಏನೋ ಬರೆದುಕೊಂಡಿದ್ದರು, ಒಲೆ ಆಯ್ತು, ಬಾಗಿಲು ಆಯ್ತು, ಮೂವತ್ತಾರು ವರ್ಷ ಒಂದು ಸಾಲು ಬರೆಯದ ಮನುಷ್ಯ. ಡಾಕ್ಟ್ರು ಏನೋ ಪರೀಕ್ಷೆ ಮಾಡ್ಬೇಕು ಅಂತಾರೆ, ಎಂದಳು ಅಕ್ಕ ಪಾತ್ರೆ ಒರೆಸುತ್ತಾ, ನೂರರಿಂದ ಏಳೇಳು ಕಳೀತಾ ಬನ್ನಿ ಅಂದ್ರಂತೆ, ಕಳೆದ್ರಂತೆ, ಸರಿಯಾಗೇ ಕಳೆದ್ರಂತೆ, ಆದ್ರೂ ಸರಿಯಾಗಿದೆ ಅಂದ್ರೆ ನಂಬೋಲ್ಲ, ನೀನು ಅವತ್ತೇ ಕಂಡುಹಿಡಿದದ್ದು ಒಳ್ಳೇದಾಯ್ತು ಬಿಡು, ಇಲ್ಲದಿದ್ರೆ ಯಾರದಾದ್ರೂ ಪ್ರಾಣ ಹೋಗ್ತಿತ್ತು. ಒಳ್ಳೇದಾಯ್ತು ಬಿಡು. ಅಕ್ಕಾ, ಆ ಅಂಗಿ, ಎಂದು ಈಗ ಕೂಗಬೇಕೆನಿಸುತ್ತದೆ, ಶನಿವಾರದ ಆ ಅಂಗಿ, ಆದರೆ ಮೆಕ್ಯಾನಿಕ್ಕಿನ ಅಂಗಿಗೆ ಎಣ್ಣೆಯಾಗುವುದು ಯಾವ ಸೀಮೆಯ ಸಾಕ್ಷಿ, ಅಂಗಿಯಿಂದ ಏನೂ ಸಿದ್ಧವಾಗುವುದಿಲ್ಲ, ಸಿದ್ಧವಾಗುವುದು ಒಂದರಿಂದಲೇ.

ಉಗ್ರಾಣದಲ್ಲಿ ಆ ಸಿಲಿಂಡರಿನ ಎರಡನೇ ಮಾದರಿ ಇದೆ, ನಿಯಮದ ಪ್ರಕಾರ ಆರು ತಿಂಗಳು, ಅಂಗೈಯಗಲದ ಉಕ್ಕಿನ ಬಾಟಲಿ, ಕರೆಂಟು ಸೊನ್ನೆಗೆ ಇಳಿಸಿ ಅವಳು ಮೆಟ್ಟಿಲು ಇಳಿದಳು, ಹತ್ತು ಗಂಟೆ, ಅಯಸ್ಕಾಂತ ಅಲ್ಲಿ ಮರೆಯುತ್ತಿರಲಿ, ಉಗ್ರಾಣದವನಿಗೆ ಎಲ್ಲರೂ ಬೀಗಣ್ಣ ಎನ್ನುವುದು, ಸೊಂಟದಲ್ಲಿ ಇಷ್ಟು ಬೀಗದ ಕೈ, ಅವನು ನಡೆದರೆ ಆನೆ ಬಂದ ಹಾಗೆ ಸದ್ದು, ಕನ್ನಡಕದ ಮೇಲಿನಿಂದ ನೋಡಿದ, ಏನ್ ಮೇಡಂ, ವಿಚಾರಣೆ ದಿವಸ ಬಾಟ್ಲಿ ಕೇಳ್ತಾ ಇದೀರಿ, ಮರುಪರೀಕ್ಷೆ ಕಣಯ್ಯಾ, ಮರುಪರೀಕ್ಷೆಗೆ ಸಾಹೇಬರ ಸಹಿ ಬೇಕಲ್ಲ, ನನ್ನ ಸಹಿ ಸಾಲದಾ, ನಿಮ್ಮ ಸಹಿ ಸಾಲದು ಅಂತ ಹೇಳೋಕಾಗುತ್ತಾ, ಇಡೀ ಸಂಸ್ಥೆಗೇ ನಿಮ್ಮ ಸಹಿ ಸಾಕು, ಎಂದು ಹಲ್ಲು ಬಿಟ್ಟ, ಆ ಹಲ್ಲು ಇವಳ ಎದೆಗೆ ನಾಟಿತು, ಬೀಗದ ಕೈ ಒಂದೊಂದಾಗಿ ಪ್ರಯತ್ನಿಸಿದ, ಇದಲ್ಲ, ಇದೂ ಅಲ್ಲ, ಹತ್ತು ಹದಿನೈದು, ಆಗ ತಲೆ ಎತ್ತದೆಯೇ ಕೇಳಿದ, ಭಾವನ್ನ ಬಚಾವ್ ಮಾಡೋ ದಾರಿ ಏನಾದ್ರೂ ಸಿಕ್ತಾ ಮೇಡಂ, ತಪ್ಪು ತಿಳೀಬೇಡಿ, ಸಿಕ್ಕಿದ್ರೆ ಒಳ್ಳೇದೇ, ನಾನೇನು ಯಾರಿಗೂ ಹೇಳೋಲ್ಲ. ಇದೇ. ಇದನ್ನೇ ಎಲ್ಲರೂ ಹೇಳುವುದು. ಎರಡು ತಿಂಗಳು ಸುಮ್ಮನಿದ್ದು ವಿಚಾರಣೆಯ ಬೆಳಿಗ್ಗೆ ಅಂಕಿ ತಿದ್ದಿದಳು, ರಕ್ತ ಅಲ್ಲದಿದ್ದರೂ ಸಂಬಂಧ ಅಲ್ವೇ, ಎಲ್ಲಾ ತಕ್ಕಡಿಗೂ ಒಂದು ಕಡೆ ವಾಲು ಇದ್ದೇ ಇರುತ್ತೆ ಬಿಡಿ, ಕ್ಯಾಂಟೀನಿನ ಯಾವ ಮೇಜಿನಲ್ಲಿ ಯಾರು ಯಾವ ದನಿಯಲ್ಲಿ ಹೇಳುತ್ತಾರೆಂಬುದೂ ಅವಳಿಗೆ ಕೇಳಿಸುತ್ತಿದೆ, ಬಾಟಲಿ ಕೈಗೆ ಬಂತು, ತಣ್ಣಗಿತ್ತು, ಮೆಟ್ಟಿಲು ಹತ್ತುತ್ತಾ ಒಂದು ಯೋಚನೆ ಅವಳನ್ನು ದಾಟಿ ಮುಂದೆ ಹೋಗಿ ತಿರುಗಿ ನಿಂತು ಮುಖ ನೋಡಿತು — ಎಣ್ಣೆಯೇ ಇರಲಿ. ಈ ಬಾಟಲಿಯಲ್ಲಿ ಎಣ್ಣೆಯೇ ಇರಲಿ, ಕೆಳಗಿನಿಂದ ಹತ್ತಿಸಿದರೂ ನಲವತ್ತಮೂರರಲ್ಲೇ ಏಳಲಿ, ಆಗ ನಾನು ಹಿಂದಕ್ಕೆ ತಿರುಗಿಸಿದ್ದರೂ ಏನೂ ಕೆಡಲಿಲ್ಲ, ಆಗ ಭಾವ ನಿಜವಾಗಿಯೂ ಮರೆತಿದ್ದಾರೆ, ಮರೆವು ಶುರುವಾಗಿದೆ, ಆಗಲಿ. ಮೆಟ್ಟಿಲ ಮೇಲೆಯೇ ನಿಂತಳು, ಕಂಬಿ ಹಿಡಿದುಕೊಂಡು, ಒಬ್ಬ ಮನುಷ್ಯನ ತಲೆ ಕೆಟ್ಟಿರಲಿ ಎಂದು ಈಗ ತಾನೇ ಹಾರೈಸಿದವಳು ಯಾರು, ಅಕ್ಕನ ಗಂಡ, ಇವಳ ಮೊದಲ ಸಂದರ್ಶನಕ್ಕೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ಗೇಟಿನ ಹೊರಗೆ ಮೂರು ಗಂಟೆ ಬಿಸಿಲಲ್ಲಿ ಕಾದವರು, ಸಿಕ್ತೇನಮ್ಮಾ, ಸಿಕ್ತು ಭಾವ, ನಂಗೊತ್ತಿತ್ತು.

ಹತ್ತು ಇಪ್ಪತ್ತೈದು. ಬಾಟಲಿ ಜೋಡಿಸಿದಳು, ತಿರುಪು ಬಿಗಿದಳು, ಒಳಗೆ ಬಿಟ್ಟಳು, ಪೆನ್ನಿಗೆ ಶಾಯಿ ತುಂಬಿದೆ, ನೋಡಿದಳು, ಮತ್ತೆ ನೋಡಿದಳು, ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಟ್ಟಳು, ಬಾಗಿಲಿಗೆ ಒಳಗಿನಿಂದ ಚಿಲಕ, ಮೋಟಾರು ಬೇಡ, ಕೈಯಲ್ಲೇ, ಸೊನ್ನೆಯಿಂದ, ನಾಲ್ಕರಲ್ಲಿ ಹೀಲಿಯಂ ಕಾಗದದ ತುದಿ ಮುಟ್ಟಿತು, ಹದಿನಾರು, ಹದಿನೆಂಟು, ನೆಂಟ ಬಂದ, ಮೂವತ್ತೆರಡು, ಬೆರಳಿನ ತುದಿಯಲ್ಲಿ ನಾಡಿ ಹೊಡೆದುಕೊಳ್ಳುವುದು ಗುಂಡಿಗೂ ತಗಲುತ್ತಿದೆಯೇನೋ, ಮೂವತ್ತೆಂಟು, ನಲವತ್ತು, ನಿಧಾನ, ಕೂದಲೆಳೆಯಷ್ಟು, ನಲವತ್ತೊಂದು, ನಲವತ್ತೆರಡು, ಮೇಷ್ಟ್ರೇ ಒಂದು ಮಾತಾಡಿ, ಮೇಷ್ಟ್ರು ಮಾತಾಡುವುದಿಲ್ಲ, ಬೇಕಾದಾಗ ಮಾತಾಡಿದವರಲ್ಲ, ನಲವತ್ತಮೂರು. ನಿಲ್ಲಿಸಿದಳು. ಗೆರೆ ಚಪ್ಪಟೆ. ಕಾಗದ ಉರುಳುತ್ತಿದೆ, ಗೆರೆ ಚಪ್ಪಟೆಯಾಗಿ ಹೊರಬರುತ್ತಿದೆ, ಒಂದು ಬೆರಳಗಲ, ಎರಡು ಬೆರಳಗಲ, ಸೂಕ್ಷ್ಮತೆಯನ್ನು ಹತ್ತು ಪಟ್ಟು ಏರಿಸಿದಳು, ಏಳು, ಏಳೇ ಮಾರಾಯ್ತಿ, ಒಂದು ಕೂದಲಿನಷ್ಟಾದರೂ ಏಳು, ಚಪ್ಪಟೆ, ಮತ್ತೆ ಹತ್ತು ಪಟ್ಟು, ಪೆನ್ನು ಸುಮ್ಮನೆ ನಡುಗಿತು, ಚಳಿಗೆ ನಡುಗಿದ ಹಾಗೆ, ಏಳಲಿಲ್ಲ, ನಲವತ್ತಮೂರರಲ್ಲಿ ಚಪ್ಪಟೆ. ಏರಿಸಿದ ಸೂಕ್ಷ್ಮತೆಯನ್ನು ಮೊದಲಿನಂತೆ ಇಳಿಸಿ ಗುಂಡಿಯನ್ನು ಮುಂದಕ್ಕೆ ಸರಿಸಿದಳು, ನಲವತ್ತನಾಲ್ಕರಲ್ಲಿ ಪೆನ್ನು ಎದ್ದಿತು, ಆ ಮಂಗಳವಾರದಷ್ಟೇ ಎತ್ತರ, ಅಷ್ಟೇ ನೆಟ್ಟಗೆ, ಐವತ್ತೇಳರ ತನಕ ಹೋದಳು, ಎಣ್ಣೆಯ ತಮ್ಮನೂ ಇಲ್ಲ. ಆದ್ದರಿಂದ ಎಣ್ಣೆಯಲ್ಲ, ಅವರದೇ ಉಸಿರು, ಮುಳುಗುಗಾರರು ಬಿಟ್ಟ ಉಸಿರೇ ತಿರುಗಿ ಅವರ ಮೂಗಿಗೆ, ಬಿಳಿ ಪುಡಿ ಸತ್ತುಹೋಗಿತ್ತು, ಪುಡಿ ಬದಲಾಯಿಸುವುದು ಮೆಕ್ಯಾನಿಕ್ಕಿನ ಕೈಕೆಲಸವಲ್ಲ, ಸಾಹೇಬರ ಸಹಿಯ ಕೆಲಸ, ಮುಂದಿನ ತಿಂಗಳು ನೋಡೋಣ ಎಂದು ಅವರು ಬರೆದ ಚೀಟಿ ಎಲ್ಲೋ ಇರುತ್ತದೆ, ಭಾವ ಶನಿವಾರ ಫಿಲ್ಟರ್ ಬದಲಾಯಿಸಿದ್ದರು, ಸ್ಪ್ಯಾನರ್ ಜಾರಿತ್ತು, ಬೆರಳು ತರಚಿತ್ತು, ಎಲ್ಲವೂ ನಡೆದದ್ದೇ. ಗುಂಡಿ ಐವತ್ತೇಳರಲ್ಲಿದೆ. ಇಲ್ಲಿಂದ ಹಿಂದಕ್ಕೆ ತಿರುಗಿಸುತ್ತಾ ಹೋದರೆ ಈ ಯಂತ್ರವೇ, ಈ ಬಾಟಲಿಯೇ, ನಲವತ್ತಮೂರರಲ್ಲಿ ಇನ್ನೊಂದು ಚಂದದ ಪೀಕು ಬರೆದುಕೊಡುತ್ತದೆ, ಮರುಪರೀಕ್ಷೆಯಲ್ಲೂ ಅದೇ ಫಲಿತಾಂಶ, ಯಾರು ಕೇಳುತ್ತಾರೆ ಯಾವ ಕಡೆಯಿಂದ ಬಂದೆ ಎಂದು, ಕಾಗದ ಹೇಳುವುದಿಲ್ಲ, ಮೇಷ್ಟ್ರು ಹೇಳುವುದಿಲ್ಲ, ಹೆಬ್ಬೆರಳು ಗುಂಡಿಯ ಮೇಲೆ ಎಡಕ್ಕೆ ವಾಲಿದೆ, ಅವಳು ವಾಲಿಸಿದ್ದಲ್ಲ, ಅದೇ ವಾಲಿದೆ, ಇನ್ನೊಂದು ಕೈಯಿಂದ ಅದನ್ನು ಎತ್ತಿ ಈಚೆಗಿಟ್ಟಳು, ಬೇರೆಯವರ ಕೈ ಎತ್ತಿಟ್ಟ ಹಾಗೆ, ಮೇನ್ ಸ್ವಿಚ್ಚು ಆರಿಸಿದಳು, ಪಂಪಿನ ಸದ್ದು ಇಳಿಯಿತು, ಕಾಗದ ಹರಿದುಕೊಂಡಳು, ಹಳೆಯ ವರದಿಯ ಪ್ರತಿಯ ಮೇಲೆ ಅಡ್ಡಲಾಗಿ ಬರೆದಳು, ಇದು ತಪ್ಪು, ಅಳೆದವಳು ನಾನು, ಹಿಂದಕ್ಕೆ ತಿರುಗಿಸಿದೆ, ಸಹಿ, ಸಹಿ ಎಂದಿನ ಹಾಗೆಯೇ ಬಂತು, ಕೈಗೆ ನಾಚಿಕೆ ಇಲ್ಲ.

ಮೂರನೇ ಮಹಡಿಯ ಓಣಿಯಲ್ಲಿ ಫಿನಾಯಿಲಿನ ವಾಸನೆ, ಮುಚ್ಚಿದ ಬಾಗಿಲಿನ ಹೊರಗೆ ಬೆಂಚು, ಬೆಂಚಿನ ತುದಿಯಲ್ಲಿ ಭಾವ, ಇಡೀ ಬೆಂಚು ಖಾಲಿ ಇದ್ದರೂ ತುದಿಯಲ್ಲೇ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅವಳನ್ನು ಕಂಡು ಜಾಗ ಮಾಡಿಕೊಡುವವರ ಹಾಗೆ ಇನ್ನೂ ಸರಿದರು, ಬಾಮ್ಮಾ, ಕೂತ್ಕೋ, ತಿಂಡಿ ಆಯ್ತಾ, ಭಾವ ಒಂದು ಮಾತು, ಇರು, ನಾನೇ ಹೇಳ್ಬೇಕು ಅಂತಿದ್ದೆ, ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು, ಬರೆದು ತಂದಿದೀನಿ, ಒಪ್ಕೊಂಡುಬಿಡ್ತೀನಿ, ಮೋಸ ಅಂತ ಬರ್ದಿಲ್ಲ, ಮರೆವು ಅಂತ ಬರ್ದಿದೀನಿ, ಅದು ನಿಜಾನೇ ಅಲ್ವಾ, ನಿನಗೂ ಒಳಗೆ ಬಂದು ನನ್ನ ವಿರುದ್ಧ ಓದೋ ಕಷ್ಟ ಇರೋಲ್ಲ, ಭಾವ, ನೀವು ಮರೆತಿಲ್ಲ, ಅವಳ ದನಿ ಓಣಿಯಲ್ಲಿ ದೊಡ್ಡದಾಯಿತು, ನೀವು ಬದಲಾಯಿಸಿದ್ರಿ, ಶನಿವಾರವೇ ಬದಲಾಯಿಸಿದ್ರಿ, ತಪ್ಪು ಅಳೆದಿದ್ದು ನಾನು, ಭಾವ ಅವಳ ಮುಖ ನೋಡಿದರು, ಮೆಲ್ಲಗೆ ನಕ್ಕರು, ಜ್ವರ ಬಂದ ಮಗು ಏನೋ ಹೇಳಿದಾಗ ನಗುವ ಹಾಗೆ, ನಿಮ್ಮಕ್ಕ ಫೋನ್ ಮಾಡಿ ಅತ್ಲಾ, ಇಲ್ಲ ಭಾವ ಯಾರೂ ಅತ್ತಿಲ್ಲ, ನೋಡಮ್ಮಾ, ಇಪ್ಪತ್ತಾರು ವರ್ಷದಲ್ಲಿ ನೀನು ಒಂದು ಸುಳ್ಳು ಬರೆದವಳಲ್ಲ, ಈ ಊರಿಗೆಲ್ಲಾ ಹೇಳ್ಕೊಂಡು ತಿರುಗಿದೀನಿ ನಾನು, ನನ್ನಂಥ ಮರೆಗುಳಿಗೋಸ್ಕರ ಈಗ ಶುರು ಮಾಡಬೇಡ, ನಂಗೆ ಬೇಜಾರಾಗುತ್ತೆ. ನಂಬುವುದಿಲ್ಲ, ಇವಳನ್ನು ಅಷ್ಟು ನಂಬಿರುವುದರಿಂದಲೇ ಇವಳು ಹೇಳಿದ್ದನ್ನು ನಂಬುವುದಿಲ್ಲ, ಕಾಗದದ ಸುರುಳಿಯನ್ನು ಅವರ ಮೊಣಕಾಲಿನ ಮೇಲೆ ಬಿಡಿಸಿದಳು, ನನ್ನ ಮಾತು ಬಿಡಿ, ಇಲ್ಲಿ ನೋಡಿ, ಇದು ಅದೇ ಸಿಲಿಂಡರು, ಈಗ ತಾನೇ ಸರಿಯಾಗಿ ಅಳೆದದ್ದು, ಎಣ್ಣೆ ಇದ್ದಿದ್ರೆ ಇಲ್ಲಿ, ಪೆನ್ಸಿಲ್ಲಿನಲ್ಲಿ ನಲವತ್ತಮೂರು ಅಂತ ಬರ್ದಿದೀನಲ್ಲ, ಇಲ್ಲಿ ಪೆನ್ನು ಏಳ್ಬೇಕಿತ್ತು, ಎದ್ದಿದೆಯಾ ನೋಡಿ, ಭಾವ ಕನ್ನಡಕ ಹಾಕಿಕೊಂಡರು, ಬಾಗಿದರು, ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಯಾವ ಸೋಪಿಗೂ ಹೋಗದ ಕಪ್ಪು, ಆ ಹೆಬ್ಬೆರಳನ್ನು ಗೆರೆಯ ಮೇಲಿಟ್ಟು ಸರಿಸಿದರು, ಬೇರಿಂಗಿನಲ್ಲಿ ತರಿ ಇದೆಯೇ ಎಂದು ಸವರಿ ನೋಡುವವರ ಹಾಗೆ, ಇಲ್ಲೇನೂ ಇಲ್ವಲ್ಲಮ್ಮಾ, ಇಲ್ಲ ಭಾವ, ಏನೂ ಇಲ್ಲ, ಏನೂ ಇಲ್ಲ. ಬಾಗಿಲು ತೆರೆಯಿತು, ಅಟೆಂಡರ್ ಬನ್ನಿ ಎಂದ, ಯಾರಿಗೆಂದು ಹೇಳಲಿಲ್ಲ, ಭಾವ ಏಳಲಿಲ್ಲ, ಹಾಗಾದ್ರೆ ಆ ಶನಿವಾರ, ಎಂದು ನಿಲ್ಲಿಸಿದರು, ತುಟಿ ಇನ್ನೂ ತೆರೆದೇ ಇದೆ, ಇವಳು ಕಾಗದದ ತುದಿ ಮತ್ತೆ ಸುರುಳಿಯಾಗದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದಾಳೆ, ನೀಲಿ ಗೆರೆ, ಚಪ್ಪಟೆ, ಭಾವನ ಹೆಬ್ಬೆರಳು ಅದರ ಮೇಲೆ ಬಲಕ್ಕೆ ಹೋಗುತ್ತದೆ, ಏನೂ ಸಿಗುವುದಿಲ್ಲ, ಎಡಕ್ಕೆ ಬರುತ್ತದೆ, ಚಪ್ಪಟೆ, ಮತ್ತೆ ಬಲಕ್ಕೆ, ಚಪ್ಪಟೆ